ಕಾರಿನ ಜಿಪಿಎಸ್‌ಗೆ ಕ್ಯಾಮೆರಾ ಪಟ್ಟಿ ಆರಿಸುವುದು ಹೇಗೆ: ಕೇರಳ–ಕರ್ನಾಟಕ ಗಡಿಯ ತಲಪಾಡಿಯ ಆಚೆ ಈಚೆ ಓಡಾಡುವವರಿಗೆ

ಟ್ರಾಫಿಕ್ ಕ್ಯಾಮೆರಾ ಎಲ್ಲೆಲ್ಲಿದೆ ಎಂಬ ಪಟ್ಟಿಯನ್ನು ಕಾರಿನ ಜಿಪಿಎಸ್‌ಗೆ ತುಂಬಿಸಿದರೆ, ಕ್ಯಾಮೆರಾ ಹತ್ತಿರವಾದಾಗ ಅದು ಸದ್ದು ಮಾಡಿ ಎಚ್ಚರಿಸುತ್ತದೆ. ಇಂಥ ಎಚ್ಚರಿಕೆಯ ಡೇಟಾಬೇಸ್ ಮಾರುವವರು ಮೊದಲು ಮುಂದಿಡುವುದು ಅದರಲ್ಲಿ ಎಷ್ಟು ಸಾವಿರ ಕ್ಯಾಮೆರಾಗಳಿವೆ ಎಂಬ ಲೆಕ್ಕವನ್ನು. ಕಾಸರಗೋಡಿನ ಮಾರ್ಗಗಳಲ್ಲಿ ಓಡಿಸುವವರಿಗೆ ಆ ಲೆಕ್ಕದಿಂದ ಏನೂ ಉಪಯೋಗವಿಲ್ಲ. ಪ್ರತಿ ಕ್ಯಾಮೆರಾದ ಎದುರು ಅದು ಯಾವ ಬಗೆಯದು, ಯಾವ ಕಡೆಗೆ ಹೋಗುವ ವಾಹನವನ್ನು ನೋಡುತ್ತದೆ, ಆ ಮಾಹಿತಿಯನ್ನು ಕೊನೆಗೆ ಯಾವಾಗ ಸರಿನೋಡಿದ್ದು ಎಂದು ಬರೆದಿದೆಯೋ ಇಲ್ಲವೋ ನೋಡಿ. ಈ ಮೂರೂ ಇಲ್ಲದ ಪಟ್ಟಿಯನ್ನು ಪುಕ್ಕಟೆ ಕೊಟ್ಟರೂ ಹಾಕಿಕೊಳ್ಳಬೇಡಿ.

ಬಗೆ ಗೊತ್ತಿಲ್ಲದಿದ್ದರೆ ಏನಾಗುತ್ತದೆ

ಕೇರಳದ ‘ಸೇಫ್ ಕೇರಳ’ ಯೋಜನೆಯ ಕ್ಯಾಮೆರಾಗಳಿಂದ ದಂಡ ಹಾಕಲು ಶುರುವಾದದ್ದು 2023ರ ಜೂನ್ 5ರಂದು. ಇಡೀ ರಾಜ್ಯಕ್ಕೆ ಒಟ್ಟು 726 ಕ್ಯಾಮೆರಾಗಳು. ಅದರಲ್ಲಿ 675 ಇರುವುದು ಹೆಲ್ಮೆಟ್, ಸೀಟ್ ಬೆಲ್ಟ್, ಓಡಿಸುವಾಗ ಮೊಬೈಲ್ ಹಿಡಿಯುವುದು ಇಂಥವನ್ನು ನೋಡಲಿಕ್ಕೆ. 25 ಪಾರ್ಕಿಂಗ್ ತಪ್ಪಿಗೆ, 18 ಕೆಂಪು ದೀಪ ದಾಟುವುದಕ್ಕೆ. ವೇಗ ಅಳೆಯುವುದು ನಿಂತಲ್ಲೇ ನಿಂತ 4 ಮತ್ತು ವಾಹನದ ಮೇಲೆ ಕೂರಿಸಿದ 4, ಅಷ್ಟೇ. ಮೊದಲಿನಿಂದ ಹೆದ್ದಾರಿಗಳಲ್ಲಿದ್ದ ವೇಗದ ಕ್ಯಾಮೆರಾಗಳೂ ವೇಗ ಅಳೆಯುವ ಉಪಕರಣ ಹೊತ್ತ ಇಂಟರ್‌ಸೆಪ್ಟರ್ ವಾಹನಗಳೂ ಈ ಲೆಕ್ಕಕ್ಕೆ ಸೇರಿಲ್ಲ, ನಿಜ. ಆದರೂ ಈ ಅನುಪಾತ ನೋಡಿದರೆ ವಿಷಯ ಅರ್ಥವಾಗುತ್ತದೆ. ಬಗೆ ಬರೆಯದೆ ಎಲ್ಲವನ್ನೂ ‘ಸ್ಪೀಡ್ ಕ್ಯಾಮೆರಾ’ ಎಂದು ತುಂಬಿಸಿದ ಪಟ್ಟಿ ಹಾಕಿಕೊಂಡರೆ, ಕುಂಬಳೆಯಿಂದ ಕಾಸರಗೋಡಿಗೆ ಹೋಗುವಷ್ಟರಲ್ಲಿ ಸುಮ್ಮಸುಮ್ಮನೆ ಬೀಪ್ ಕೇಳಬೇಕಾಗುತ್ತದೆ. ವಾರ ಕಳೆಯುವುದರೊಳಗೆ ಕಿವಿ ಆ ಸದ್ದಿಗೆ ಒಗ್ಗಿಹೋಗುತ್ತದೆ. ಆಮೇಲೆ ನಿಜವಾದ ಎಚ್ಚರಿಕೆ ಬಂದಾಗಲೂ ಕಾಲು ಆಕ್ಸಿಲರೇಟರ್‌ನಿಂದ ಏಳುವುದಿಲ್ಲ. ಒಂದೆರಡು ಕ್ಯಾಮೆರಾ ಬಿಟ್ಟುಹೋದ ಪಟ್ಟಿಗಿಂತ ಸುಳ್ಳು ಎಚ್ಚರಿಕೆ ತುಂಬಿದ ಪಟ್ಟಿಯೇ ಹೆಚ್ಚು ಕೆಟ್ಟದ್ದು ಎಂದು ನಾವು ಹೇಳುವುದು ಈ ಕಾರಣಕ್ಕೆ.

ಹಾಗಾಗಿ ಕೊಳ್ಳುವ ಮೊದಲು ಮಾದರಿ ಫೈಲ್ ಕೇಳಿ ತೆರೆದು ನೋಡಿ. ವೇಗ, ಕೆಂಪು ದೀಪ, ಸರಾಸರಿ ವೇಗದ ವಿಭಾಗ (ಎರಡು ಕ್ಯಾಮೆರಾಗಳ ನಡುವಿನ ದೂರ ದಾಟಲು ಹಿಡಿದ ಸಮಯದಿಂದ ವೇಗ ಲೆಕ್ಕ ಹಾಕುವ ಜಾಗ), ಸಂಚಾರಿ ಕ್ಯಾಮೆರಾ ಇರುವ ಜಾಗ, ಸೀಟ್ ಬೆಲ್ಟ್ ಇತ್ಯಾದಿ: ಇಷ್ಟಾದರೂ ಬೇರೆ ಬೇರೆ ಇರಬೇಕು. ಬೇರೆ ಬೇರೆ ಫೈಲ್‌ಗಳಾಗಿದ್ದರೆ ಇನ್ನೂ ಒಳ್ಳೆಯದು. ಬೇಡದ್ದನ್ನು ತುಂಬಿಸದೆ ಬಿಡಬಹುದು. ಬೆಲ್ಟ್ ಹಾಕಿ ಓಡಿಸುವವರಿಗೆ ಆ 675ರ ಬಗ್ಗೆ ಸದ್ದು ಬೇಕಾಗಿಯೇ ಇಲ್ಲ.

ಸಂಚಾರಿ ಕ್ಯಾಮೆರಾ ಬಗ್ಗೆ ಒಂದು ಮಾತು. ವಾಹನದ ಮೇಲಿನ ಕ್ಯಾಮೆರಾ ಇವತ್ತು ಎಲ್ಲಿ ನಿಂತಿದೆ ಎಂದು ಯಾವ ಡೇಟಾಬೇಸೂ ಹೇಳಲಾರದು. ಅದು ಹೇಳುವುದು ‘ಸಾಮಾನ್ಯವಾಗಿ ನಿಲ್ಲುವ ಜಾಗ’ವನ್ನು ಮಾತ್ರ. ಆ ಹೊತ್ತಿನ ಸುದ್ದಿ ಬೇಕಿದ್ದರೆ ಗೂಗಲ್ ಮ್ಯಾಪ್ಸ್, ವೇಜ್, ಮ್ಯಾಪಲ್ಸ್‌ನಂಥ ಮೊಬೈಲ್ ಆ್ಯಪ್‌ಗಳೇ ಆಗಬೇಕು. ಬಳಸುವವರು ತಿಳಿಸಿದರೆ ಮಾತ್ರ ಅವಕ್ಕೂ ಗೊತ್ತಾಗುವುದು; ಬೆಂಗಳೂರಿನಲ್ಲಿ ಸಿಗುವಷ್ಟು ವರದಿ ಮುಳ್ಳೇರಿಯದಲ್ಲಿ ಸಿಗಲಿಕ್ಕಿಲ್ಲ.

ಕಾರಿನೊಳಗೆ ಇರುವುದು ಯಾವುದು?

ಪಟ್ಟಿ ಎಷ್ಟು ಚೆನ್ನಾಗಿದ್ದರೂ ನಿಮ್ಮ ಸಾಧನ ಓದುವ ರೂಪದಲ್ಲಿ ಇಲ್ಲದಿದ್ದರೆ ಹಣ ಹೋದಂತೆಯೇ. ಗಾರ್ಮಿನ್ ಸಾಧನಗಳು ಜಿಪಿಐ ಫೈಲ್ ಓದುತ್ತವೆ. ಅದನ್ನು ಸಿಎಸ್‌ವಿ (ಅಲ್ಪವಿರಾಮ ಹಾಕಿ ಸಾಲಾಗಿ ಬರೆದ ಸರಳ ಪಟ್ಟಿ) ಅಥವಾ ಜಿಪಿಎಕ್ಸ್ (ಜಿಪಿಎಸ್ ಜಾಗಗಳ ಫೈಲ್) ರೂಪದಿಂದ ಪಿಒಐ ಲೋಡರ್ ಎಂಬ ಕಂಪೆನಿಯದೇ ಉಚಿತ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಹಳೆಯ ಟಾಮ್‌ಟಾಮ್‌ಗಳಿಗೆ ಒವಿ2 ಫೈಲ್ ಬೇಕು. ಕಾರಿಗೆ ಆಮೇಲೆ ಹಾಕಿಸಿದ ಆಂಡ್ರಾಯ್ಡ್ ಸ್ಟೀರಿಯೋಗಳಲ್ಲಿ ಹಲವು ಕಡೆ ಐಗೋ ಎಂಬ ದಾರಿ ತೋರಿಸುವ ಸಾಫ್ಟ್‌ವೇರ್ ಇರುತ್ತದೆ. ಅದಕ್ಕೆ ‘ಸ್ಪೀಡ್‌ಕ್ಯಾಮ್’ ಹೆಸರಿನ ಟೆಕ್ಸ್ಟ್ ಫೈಲ್. ಕಂಪೆನಿಯಿಂದಲೇ ಬಂದ ಸ್ಟೀರಿಯೋ ಆದರೆ ಹೊರಗಿನ ಪಟ್ಟಿ ಒಳಗೆ ಬಿಡುವುದು ಅಪರೂಪ. ಅಂಥವರು ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಮೂಲಕ ಮೊಬೈಲಿನ ನಕ್ಷೆಯನ್ನೇ ತೋರಿಸಿಕೊಳ್ಳುವುದು ಸುಲಭ. ಡೇಟಾಬೇಸ್‌ಗೆ ದುಡ್ಡು ಹಾಕಬೇಕಾದ ಅಗತ್ಯವೇ ಇಲ್ಲ.

ಹಾಗಾದರೆ ಎಲ್ಲರೂ ಮೊಬೈಲನ್ನೇ ನೆಚ್ಚಿಕೊಳ್ಳಬಹುದಲ್ಲ? ದಿನಾ ಮಂಗಳೂರಿಗೆ ಹೋಗಿ ಬರುವವರಿಗೆ ಸಾಕು. ಜಾಲ್ಸೂರು, ಸುಳ್ಯ, ಸಂಪಾಜೆ ದಾಟಿ ಘಟ್ಟ ಹತ್ತಿ ಮಡಿಕೇರಿ, ಮೈಸೂರಿಗೆ ಹೋಗುವವರಿಗೆ ಸಾಧನದ ಒಳಗೇ ಕೂತ ಪಟ್ಟಿ ಬೇಕು. ಕಾಡಿನ ನಡುವೆ ನೆಟ್‌ವರ್ಕ್ ಹೋದರೂ ಅದು ಕೆಲಸ ಮಾಡುತ್ತದೆ.

ಪಟ್ಟಿ ಹಳತೋ ಹೊಸತೋ ಪತ್ತೆಹಚ್ಚುವ ದಾರಿ

‘ವಾರಕ್ಕೊಮ್ಮೆ ಅಪ್‌ಡೇಟ್’ ಎಂದು ಬರೆದಿದ್ದ ಮಾತ್ರಕ್ಕೆ ಕಾಸರಗೋಡಿನ ಬಿಂದುಗಳನ್ನು (ಕ್ಯಾಮೆರಾ ಇದೆ ಎಂದು ಗುರುತಿಸಿದ ಜಾಗಗಳನ್ನು) ಯಾರೋ ವಾರಕ್ಕೊಮ್ಮೆ ನೋಡಿ ಬಂದಿದ್ದಾರೆ ಎಂದಲ್ಲ. ಯುರೋಪಿನ ಸಾಲುಗಳು ಬದಲಾಗುತ್ತಿರುತ್ತವೆ, ನಮ್ಮವು ಹಾಗೇ ಬಿದ್ದಿರುತ್ತವೆ. ಅದನ್ನು ಹೊರಗೆಳೆಯಲು ಒಂದು ಒಳ್ಳೆಯ ಗುರುತು ಇದೆ: ವೇಗದ ಮಿತಿ.

ಕೇರಳದಲ್ಲಿ ವೇಗದ ಮಿತಿಗಳು 2023ರ ಜುಲೈ 1ರಿಂದ ಬದಲಾದವು. ಕಾರುಗಳಿಗೆ ಷಟ್ಪಥ ರಾಷ್ಟ್ರೀಯ ಹೆದ್ದಾರಿಯಲ್ಲಿ 110, ಚತುಷ್ಪಥದಲ್ಲಿ 100, ಉಳಿದ ರಾಷ್ಟ್ರೀಯ ಹೆದ್ದಾರಿಗಳಲ್ಲೂ ಚತುಷ್ಪಥ ರಾಜ್ಯ ಹೆದ್ದಾರಿಗಳಲ್ಲೂ 90, ಉಳಿದ ರಾಜ್ಯ ಹೆದ್ದಾರಿ ಮತ್ತು ಪ್ರಮುಖ ಜಿಲ್ಲಾ ಮಾರ್ಗಗಳಲ್ಲಿ 80, ಇತರ ಮಾರ್ಗಗಳಲ್ಲಿ 70, ನಗರದೊಳಗೆ 50 ಕಿಲೋಮೀಟರ್. ಅದಕ್ಕೆ ಮೊದಲು ಷಟ್ಪಥದಲ್ಲಿ 100, ಚತುಷ್ಪಥದಲ್ಲಿ 90, ಉಳಿದ ರಾಷ್ಟ್ರೀಯ ಹೆದ್ದಾರಿಗಳಲ್ಲಿ 85 ಇತ್ತು. ಮಾದರಿ ಫೈಲಿನ ಕೇರಳದ ಸಾಲುಗಳಲ್ಲಿ 85 ಎಂಬ ಅಂಕಿ ಕಂಡರೆ ಆ ಸಾಲನ್ನು 2023ರ ಜುಲೈ ನಂತರ ಯಾರೂ ಮುಟ್ಟಿಲ್ಲ ಎಂದೇ ತಿಳಿಯಬೇಕು. ಅಂಥ ಹತ್ತು ಸಾಲು ಸಿಕ್ಕಿದರೆ ಪಟ್ಟಿಯನ್ನು ಅಲ್ಲಿಗೇ ಬಿಡಿ.

ಇನ್ನೊಂದು ಗುರುತು ಹೆದ್ದಾರಿಯದ್ದೇ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲಪಾಡಿಯಿಂದ ಚೆಂಗಳವರೆಗಿನ 39 ಕಿಲೋಮೀಟರ್ ಷಟ್ಪಥವಾದಾಗ ಹಳೆಯ ಮಾರ್ಗದ ಅಂಚು, ಕಂಬ, ಜಂಕ್ಷನ್ ಎಲ್ಲವೂ ಜಾಗ ಬದಲಿಸಿದವು. ಅಗಲ ಮಾಡುವ ಮೊದಲು ಗುರುತಿಸಿದ ಬಿಂದು ಈಗ ಸರ್ವೀಸ್ ರಸ್ತೆಯ ಮೇಲೋ ಚರಂಡಿಯಲ್ಲೋ ಬಿದ್ದಿರುತ್ತದೆ. ಉಪ್ಪಳ, ಹೊಸಂಗಡಿ ಕಡೆಯ ಬಿಂದುಗಳನ್ನು ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಅದರ ಮೇಲೆ, ಸೇಫ್ ಕೇರಳದ ಎಐ ಕ್ಯಾಮೆರಾಗಳು (ಹೆಲ್ಮೆಟ್, ಬೆಲ್ಟ್ ನೋಡುವ ಆ 675) ಸೌರಶಕ್ತಿಯಲ್ಲಿ ನಡೆಯುವಂಥವು, ಬೇಕಾದರೆ ಕಿತ್ತು ಬೇರೆಡೆ ನಿಲ್ಲಿಸಲು ಬರುವಂಥವು. ಪರಿಶೀಲಿಸಿದ ದಿನಾಂಕದ ಕಾಲಂ ಇಲ್ಲದ ಪಟ್ಟಿ ಇಲ್ಲಿ ನಡೆಯುವುದಿಲ್ಲ.

ಉಚಿತ ಪಟ್ಟಿಗಳ ಪೈಕಿ ಸ್ವಯಂಸೇವಕರು ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಗೆ ಇಲ್ಲೊಂದು ದೊಡ್ಡ ಅನುಕೂಲವಿದೆ. ಅದರಲ್ಲಿ ಪ್ರತಿ ಬಿಂದುವನ್ನು ಯಾವಾಗ ಸೇರಿಸಿದ್ದು, ಯಾವಾಗ ತಿದ್ದಿದ್ದು ಎಂಬ ಇತಿಹಾಸ ಎಲ್ಲರಿಗೂ ಕಾಣುತ್ತದೆ. ಆ ನಕ್ಷೆಯಲ್ಲಿ ಬೇಕಾದ್ದನ್ನು ಹುಡುಕುವ ಓವರ್‌ಪಾಸ್ ಟರ್ಬೋ ಜಾಲತಾಣ ತೆರೆದು, ನಕ್ಷೆಯನ್ನು ಮಂಜೇಶ್ವರದಿಂದ ನೀಲೇಶ್ವರದವರೆಗೆ ಕಾಣುವಂತೆ ನಿಲ್ಲಿಸಿ, ಹೈವೇ ಟ್ಯಾಗ್‌ನಲ್ಲಿ ಸ್ಪೀಡ್ ಕ್ಯಾಮೆರಾ ಎಂದು ಹುಡುಕಿ, ಬಂದದ್ದನ್ನು ಜಿಪಿಎಕ್ಸ್ ಆಗಿ ಇಳಿಸಿಕೊಳ್ಳಬಹುದು. ಓಸ್ಮ್ಯಾಂಡ್ ಆ್ಯಪ್ ಇದೇ ಮಾಹಿತಿಯನ್ನು ನೆಟ್‌ವರ್ಕ್ ಇಲ್ಲದೆಯೂ ಬಳಸುತ್ತದೆ. ಕೊರತೆ ಏನೆಂದರೆ ಸ್ವಯಂಸೇವಕರು ಇದ್ದಲ್ಲಿ ಬಿಂದುಗಳು ಒತ್ತಾಗಿರುತ್ತವೆ, ಇಲ್ಲದಲ್ಲಿ ನಕ್ಷೆ ಬರಿದಾಗಿರುತ್ತದೆ. ಜಿಲ್ಲೆಯ ಒಳಮಾರ್ಗಗಳ ಮಟ್ಟಿಗೆ ಬಿಂದು ಕಾಣದಿದ್ದ ಮಾತ್ರಕ್ಕೆ ಕ್ಯಾಮೆರಾ ಇಲ್ಲ ಎಂದು ತಿಳಿಯಬೇಡಿ.

ಗೊತ್ತಿರುವ ಹತ್ತು ಕ್ಯಾಮೆರಾಗಳಲ್ಲಿ ಪರೀಕ್ಷೆ

ಹಣ ಕೊಡುವ ಪಟ್ಟಿಯಾಗಲಿ ಉಚಿತದ್ದಾಗಲಿ, ನಿಮಗೆ ಕಣ್ಣಾರೆ ಗೊತ್ತಿರುವ ಹತ್ತು ಕ್ಯಾಮೆರಾಗಳ ಮೇಲೆ ಪರೀಕ್ಷಿಸಿ. ದಿನಾ ಓಡಾಡುವ ದಾರಿಯಲ್ಲಿ ಆರು ಆರಿಸಿ. ಉಳಿದ ನಾಲ್ಕು ಬೇರೆ ಬಗೆಯ ಮಾರ್ಗದಲ್ಲಿರಲಿ: ಚಂದ್ರಗಿರಿ ಸೇತುವೆ ದಾಟಿ ಬೇಕಲದ ಮೇಲೆ ಹೋಗುವ ರಾಜ್ಯ ಹೆದ್ದಾರಿ, ಚೆರ್ಕಳ–ಜಾಲ್ಸೂರು ಮಾರ್ಗ, ಮಂಗಳೂರು ನಗರ.

ಗುರುತಿಸುವಾಗ ಎಚ್ಚರಿಕೆ ಫಲಕವೂ ನೆರವಿಗೆ ಬರುತ್ತದೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 167ಎ ನಿಯಮದ ಪ್ರಕಾರ ಇಂಥ ಕ್ಯಾಮೆರಾ ಇಟ್ಟಲ್ಲಿ ಮೊದಲೇ ಕಣ್ಣಿಗೆ ಬೀಳುವಂತೆ ಫಲಕ ಹಾಕಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳುಹಿಸಬೇಕು ಎಂಬುದೂ ಅದೇ ನಿಯಮದಲ್ಲಿದೆ. ಫಲಕ ದಾಟಿದ ಮೇಲೆ ಕಂಬ ಹುಡುಕಿ. ಕ್ಯಾಮೆರಾದ ಮುಖ ಯಾವ ಕಡೆಗಿದೆ, ಎಷ್ಟು ಲೇನ್ ಮೇಲೆ ಚಾಚಿದೆ ಎಂದು ಪಕ್ಕದಲ್ಲಿ ಕೂತವರು ಬರೆದುಕೊಳ್ಳಲಿ. ಓಡಿಸುವವರು ಬರೆಯಲು ಹೋಗಬಾರದು. ಮೊಬೈಲ್ ಕೈಯಲ್ಲಿ ಹಿಡಿದರೆ ಅದೇ ಕ್ಯಾಮೆರಾದಲ್ಲಿ ಸಿಕ್ಕಿಬೀಳುತ್ತೀರಿ. 2020ರ ಅಕ್ಟೋಬರ್‌ನಿಂದ ದಾರಿ ನೋಡಲು ಮೊಬೈಲ್ ಬಳಸಲು ನಿಯಮದಲ್ಲಿ ಅವಕಾಶ ಇದೆಯಾದರೂ ಅದು ಗಮನ ಕದಲದಂತೆ ಇರಬೇಕು. ಸ್ಟ್ಯಾಂಡಿಗೆ ಸಿಕ್ಕಿಸಿ, ಹೊರಡುವ ಮೊದಲೇ ದಾರಿ ಹಾಕಿಟ್ಟುಬಿಡಿ.

ಮನೆಗೆ ಬಂದ ಮೇಲೆ ಪಟ್ಟಿಯೊಡನೆ ಹೋಲಿಸಿ. ಕ್ಯಾಮೆರಾ ಪಟ್ಟಿಯಲ್ಲಿದೆಯೇ, ಬಗೆ ಸರಿಯೇ, ದಿಕ್ಕು ಸರಿಯೇ, ಜಾಗ 30 ಮೀಟರ್ ಒಳಗೆ ಹೊಂದುತ್ತದೆಯೇ, ವೇಗದ ಮಿತಿ ಸರಿಯೇ? ಹತ್ತರಲ್ಲಿ ಎಂಟು ಸಿಕ್ಕಿ ಅವುಗಳ ಬಗೆ, ದಿಕ್ಕು ಸರಿ ಇದ್ದರೆ ಪಟ್ಟಿ ಒಳ್ಳೆಯದು. ಹತ್ತೂ ಸಿಕ್ಕಿ ದಿಕ್ಕು ಯಾವುದಕ್ಕೂ ಇಲ್ಲದಿದ್ದರೆ ಅದು ನಮ್ಮ ಲೆಕ್ಕದಲ್ಲಿ ಕೆಳಗಿನದ್ದು. ಹಾಗೆಯೇ ಪಟ್ಟಿಯಲ್ಲಿ ಇದ್ದು ಮಾರ್ಗದಲ್ಲಿ ಇಲ್ಲದವು ಎಷ್ಟು ಎಂದೂ ಎಣಿಸಿ; ಇದನ್ನು ಹೆಚ್ಚಿನವರು ಮರೆಯುತ್ತಾರೆ.

ಜಾಗದ ನಿಖರತೆಯನ್ನು ಫೈಲ್ ನೋಡಿಯೇ ಅಂದಾಜು ಮಾಡಬಹುದು. ಅಕ್ಷಾಂಶ ರೇಖಾಂಶಗಳಲ್ಲಿ ದಶಮಾಂಶದ ನಂತರ ಮೂರೇ ಅಂಕಿ ಇದ್ದರೆ ಆ ಮೂರನೆಯ ಅಂಕಿಯ ಒಂದು ಹೆಜ್ಜೆಗೆ ಸುಮಾರು 110 ಮೀಟರ್. ನಾಲ್ಕಿದ್ದರೆ 11 ಮೀಟರ್. ಐದಿದ್ದರೆ ಒಂದು ಮೀಟರ್ ಚಿಲ್ಲರೆ. ಐದು ಅಂಕಿ ಇರುವ ಪಟ್ಟಿಯೇ ಬೇಕು. ಹೆದ್ದಾರಿಯೂ ಸರ್ವೀಸ್ ರಸ್ತೆಯೂ ಪಕ್ಕಪಕ್ಕದಲ್ಲೇ ಓಡುವ ನಮ್ಮಲ್ಲಿ 100 ಮೀಟರ್ ಹೆಚ್ಚುಕಡಿಮೆ ಎಂದರೆ ಬೇರೆಯೇ ಮಾರ್ಗ.

ಗಾರ್ಮಿನ್‌ಗೆ ತುಂಬಿಸುವ ಕ್ರಮ

ಸಿಎಸ್‌ವಿ ಫೈಲಿನ ಕಾಲಂಗಳು ಈ ಕ್ರಮದಲ್ಲೇ ಇರಬೇಕು: ರೇಖಾಂಶ, ಅಕ್ಷಾಂಶ, ಹೆಸರು, ಟಿಪ್ಪಣಿ. ಮೊದಲು ರೇಖಾಂಶ. ಗೂಗಲ್ ಮ್ಯಾಪ್ಸ್‌ನಿಂದ ನಕಲು ಮಾಡಿದರೆ ಬರುವುದು ಅಕ್ಷಾಂಶ ಮೊದಲು. ಕಾಸರಗೋಡು ಪೇಟೆ ಸರಿಸುಮಾರು 12.50 ಉತ್ತರ, 74.99 ಪೂರ್ವ. ಇದನ್ನು ತಿರುಗಿಸದೆ ಹಾಗೇ ಅಂಟಿಸಿದರೆ ಬಿಂದು ನಾರ್ವೆಯಿಂದಲೂ ಉತ್ತರದ ಸಮುದ್ರಕ್ಕೆ ಹೋಗಿ ಬೀಳುತ್ತದೆ. ಸಾಧನ ಯಾವ ತಪ್ಪನ್ನೂ ತೋರಿಸುವುದಿಲ್ಲ, ಸುಮ್ಮನಿರುತ್ತದೆ. ‘ಪಟ್ಟಿ ಹಾಕಿದೆ, ಒಂದೂ ಎಚ್ಚರಿಕೆ ಬರಲಿಲ್ಲ’ ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ. ನಮ್ಮ ಜಿಲ್ಲೆಯ ಪ್ರತಿ ಸಾಲೂ 74 ಅಥವಾ 75ರಿಂದ ಶುರುವಾಗಬೇಕು, ಅದರ ನಂತರ 12.

ವೇಗದ ಮಿತಿಯನ್ನು ಹೆಸರಿನಲ್ಲೇ @ ಚಿಹ್ನೆಯೊಡನೆ ಬರೆಯಬೇಕು: ‘ಕ್ಯಾಮೆರಾ@80’ ಎಂಬಂತೆ. ಫೈಲಿನ ಹೆಸರಿನಲ್ಲಿ @80 ಎಂದು ಬರೆದರೆ ಅದರೊಳಗಿನ ಬಿಂದುಗಳಿಗೆ ಅದು ಅನ್ವಯಿಸುತ್ತದೆ. ಹೆಸರಿನ ಅಕ್ಷರಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವುದೇ ಕ್ಷೇಮ. ಹಲವು ಸಾಧನಗಳಲ್ಲಿ ಕನ್ನಡ ಅಕ್ಷರಗಳ ಬದಲು ಚೌಕಗಳು ಕಾಣುತ್ತವೆ.

ಕೆಲಸ ಹೀಗೆ ಮಾಡಿ. ಕಂಪ್ಯೂಟರಿನಲ್ಲಿ ಒಂದೇ ಫೋಲ್ಡರ್ ಮಾಡಿ, ಬಗೆ ಬಗೆಯ ಸಿಎಸ್‌ವಿಗಳನ್ನು ಅದರಲ್ಲಿಡಿ. ಸಾಧನವನ್ನು ಯುಎಸ್‌ಬಿ ಕೇಬಲಿನಿಂದ ಜೋಡಿಸಿ ಪಿಒಐ ಲೋಡರ್ ತೆರೆಯಿರಿ. ವೇಗದ ಏಕಮಾನ ಕೇಳಿದಾಗ ಕಿಲೋಮೀಟರ್ ಆರಿಸಿ. ಮೈಲಿ ಇದ್ದರೆ 80 ಎಂಬುದು ಸುಮಾರು 129 ಕಿಲೋಮೀಟರ್ ಆಗಿ ಎಚ್ಚರಿಕೆಯೇ ಬಾರದು. ನಂತರ ಮ್ಯಾನ್ಯುವಲ್ ಆಯ್ಕೆ ತೆಗೆದುಕೊಳ್ಳಿ. ಆಗ ಪ್ರತಿ ಫೈಲಿಗೂ ಬೇರೆ ಬೇರೆ ಎಚ್ಚರಿಕೆ ಕೊಡಬಹುದು. ವೇಗದ ಎಚ್ಚರಿಕೆ ಕೊಟ್ಟರೆ ಮಿತಿ ಮೀರಿದಾಗ ಮಾತ್ರ ಸದ್ದು. ದೂರದ ಎಚ್ಚರಿಕೆ ಕೊಟ್ಟರೆ ವೇಗ ಎಷ್ಟೇ ಇರಲಿ ಸದ್ದು. ವೇಗದ ಕ್ಯಾಮೆರಾಗಳಿಗೆ ಮೊದಲನೆಯದು, ಕೆಂಪು ದೀಪದ್ದಕ್ಕೆ ಎರಡನೆಯದು ಸರಿ.

ಒಂದು ವಿಷಯ ನೆನಪಿರಲಿ: ಪಿಒಐ ಲೋಡರ್ ಪ್ರತಿ ಸಲವೂ ಹಿಂದಿನದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಇವತ್ತು ಕರ್ನಾಟಕದ ಪಟ್ಟಿ, ನಾಳೆ ಕೇರಳದ ಪಟ್ಟಿ ಎಂದು ತುಂಬಿಸಿದರೆ ಉಳಿಯುವುದು ಕೇರಳದ್ದು ಮಾತ್ರ. ಎರಡನ್ನೂ ಅದೇ ಫೋಲ್ಡರಿನಲ್ಲಿಟ್ಟು ಒಟ್ಟಿಗೇ ತುಂಬಿಸಬೇಕು.

ಹಲವು ಗಾರ್ಮಿನ್ ಮಾದರಿಗಳಲ್ಲಿ ನಿಮ್ಮದೇ ಧ್ವನಿಯನ್ನೂ ಹಾಕಬಹುದು. ಸಿಎಸ್‌ವಿಯ ಹೆಸರೇ ಇರುವ ವೇವ್ ಫೈಲನ್ನು ಅದೇ ಫೋಲ್ಡರಿನಲ್ಲಿಟ್ಟರೆ ಬೀಪ್ ಬದಲು ಅದು ಕೇಳಿಸುತ್ತದೆ. ‘ಮುಂದೆ ಕೆಂಪು ದೀಪದ ಕ್ಯಾಮೆರಾ’, ‘ಎಂಬತ್ತರ ಒಳಗೆ ಹೋಗಿ’ ಎಂದು ಎರಡು ಮೂರು ಸೆಕೆಂಡಿನಲ್ಲಿ ಮುಗಿಯುವಂತೆ ಮೊಬೈಲಿನಲ್ಲಿ ಹೇಳಿ ದಾಖಲಿಸಿಕೊಳ್ಳಿ. ಪರದೆ ಕಡೆ ನೋಡಬೇಕಾಗುವುದಿಲ್ಲ. ಮನೆಯ ಹಿರಿಯರು ಓಡಿಸುವ ಕಾರಿನಲ್ಲಿ ಇದು ಬಹಳ ಪ್ರಯೋಜನಕ್ಕೆ ಬರುತ್ತದೆ.

ಐಗೋ ಇದ್ದರೆ

ಐಗೋದ ಟೆಕ್ಸ್ಟ್ ಫೈಲಿನಲ್ಲಿ ಸಾಲಾಗಿ ಬರುವುದು ಕ್ರಮಸಂಖ್ಯೆ, ರೇಖಾಂಶ, ಅಕ್ಷಾಂಶ, ಬಗೆ, ವೇಗ, ದಿಕ್ಕಿನ ಬಗೆ, ದಿಕ್ಕು. ದಿಕ್ಕಿನ ಬಗೆಯಲ್ಲಿ 0 ಎಂದರೆ ಎಲ್ಲ ಕಡೆಗೂ, 1 ಎಂದರೆ ಒಂದೇ ಕಡೆಗೆ, 2 ಎಂದರೆ ಹೋಗುವ ಬರುವ ಎರಡೂ ಕಡೆಗೆ. ದಿಕ್ಕನ್ನು ಉತ್ತರದಿಂದ ಡಿಗ್ರಿಯಲ್ಲಿ ಎಣಿಸುತ್ತಾರೆ. ತಲಪಾಡಿಯಿಂದ ಕಾಸರಗೋಡಿಗೆ ಹೆದ್ದಾರಿ ಒಟ್ಟಾರೆ ದಕ್ಷಿಣಕ್ಕೂ ಸ್ವಲ್ಪ ಪೂರ್ವಕ್ಕೂ ಹೋಗುವುದರಿಂದ ಆ ಕಡೆಗೆ ಹೋಗುವವರಿಗೆ ಸುಮಾರು 160, ಮಂಗಳೂರಿಗೆ ಹೋಗುವವರಿಗೆ ಸುಮಾರು 340. ತಿರುವುಗಳಲ್ಲಿ ಆ ಜಾಗದ ದಿಕ್ಕನ್ನೇ ಅಳೆಯಬೇಕು. ಫೈಲಿನ ತುಂಬ 0 ಮಾತ್ರ ಕಂಡರೆ ದಿಕ್ಕಿನ ಕೆಲಸವನ್ನು ಯಾರೂ ಮಾಡಿಲ್ಲ ಎಂದರ್ಥ. ಬಗೆಯ ಸಂಖ್ಯೆಗಳು ಐಗೋದ ಆವೃತ್ತಿಯಿಂದ ಆವೃತ್ತಿಗೆ ಬೇರೆಯಾಗುತ್ತವೆ. ನಿಮ್ಮ ಆವೃತ್ತಿಯದ್ದನ್ನು ಕೇಳಿಯೇ ಕೊಳ್ಳಿ.

ಕಂಟೆಂಟ್ ಫೋಲ್ಡರಿನ ಒಳಗಿನ ಸ್ಪೀಡ್‌ಕ್ಯಾಮ್ ಫೋಲ್ಡರಿಗೆ ಫೈಲ್ ಹಾಕಿ ಐಗೋ ಮತ್ತೆ ತೆರೆದರೆ ಅದೇ ತನ್ನ ರೂಪಕ್ಕೆ ಬದಲಿಸಿಕೊಳ್ಳುತ್ತದೆ. ಹಳೆಯ ಫೈಲ್‌ಗಳನ್ನು ಮೊದಲು ತೆಗೆಯಿರಿ, ಇಲ್ಲದಿದ್ದರೆ ಒಂದೇ ಕ್ಯಾಮೆರಾಕ್ಕೆ ಎರಡು ಸಲ ಸದ್ದು ಬರುತ್ತದೆ.

ಎಷ್ಟು ಮೊದಲು ಸದ್ದು ಬರಬೇಕು

80ರ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ, 100ರಲ್ಲಿ ಸುಮಾರು 28. ಬ್ರೇಕ್ ಒತ್ತದೆ, ಕಾಲು ಎತ್ತಿದಷ್ಟರಲ್ಲೇ ವೇಗ ಇಳಿಯಬೇಕಾದರೆ 15 ಸೆಕೆಂಡ್ ಆದರೂ ಸಿಗಬೇಕು. ನಗರದೊಳಗೆ 200 ಮೀಟರ್, 80ರ ಮಾರ್ಗದಲ್ಲಿ 350, ಹೆದ್ದಾರಿಯಲ್ಲಿ 500 ಮೀಟರ್ ಸರಿಹೋಗುತ್ತದೆ. ಇದಕ್ಕಿಂತ ಕಡಿಮೆ ಇಟ್ಟರೆ ಕೊನೆ ಗಳಿಗೆಯಲ್ಲಿ ಬ್ರೇಕ್ ಒತ್ತುವಂತಾಗುತ್ತದೆ, ಹಿಂದೆ ಟ್ಯಾಂಕರ್ ಇದ್ದರೆ ದಂಡಕ್ಕಿಂತ ದೊಡ್ಡ ಅನಾಹುತ. ಸಾವಿರ ಮೀಟರ್ ಇಟ್ಟರೆ ನಡುವೆ ಬರುವ ಕವಲು ಮಾರ್ಗದ ಕ್ಯಾಮೆರಾಗಳೆಲ್ಲ ಕೂಗಲು ಶುರುಮಾಡುತ್ತವೆ. ಇದರ ಜೊತೆಗೆ, ಕ್ಯಾಮೆರಾ ಇರಲಿ ಬಿಡಲಿ ಮಿತಿ ಮೀರಿದ ಕೂಡಲೇ ಹೇಳುವ ವ್ಯವಸ್ಥೆ ಸಾಧನದಲ್ಲಿ ಇದ್ದರೆ ಅದನ್ನು ಯಾವಾಗಲೂ ಹಾಕಿಟ್ಟುಕೊಳ್ಳಿ. ಹಂಪ್‌ಗಳನ್ನೂ ಶಾಲೆಗಳ ಎದುರಿನ ಜಾಗಗಳನ್ನೂ ನೀವೇ ಇನ್ನೊಂದು ಸಿಎಸ್‌ವಿ ಮಾಡಿ ಸೇರಿಸಿಕೊಳ್ಳಬಹುದು. ಬದಿಯಡ್ಕ, ಪೆರ್ಲ ಕಡೆಯ ಮಾರ್ಗಗಳಲ್ಲಿ ಮಳೆಗಾಲದ ರಾತ್ರಿ ಕ್ಯಾಮೆರಾ ಎಚ್ಚರಿಕೆಗಿಂತ ಅದರಿಂದ ಹೆಚ್ಚು ಉಪಕಾರ.

ಯಾವ ಪಟ್ಟಿಯಿಂದಲೂ ಸರಿಯಾಗದ ಒಂದು ಜಾಗ ಕಾಸರಗೋಡು ಪೇಟೆಯ ಮೇಲ್ಸೇತುವೆ. ಮೇಲೆ ಹೆದ್ದಾರಿ, ಕೆಳಗೆ ಸರ್ವೀಸ್ ರಸ್ತೆ. ನಕ್ಷೆಯ ಮೇಲೆ ಎರಡೂ ಒಂದೇ ಗೆರೆ. ಜಿಪಿಎಸ್‌ಗೆ ಎತ್ತರ ಅಷ್ಟು ಸರಿಯಾಗಿ ಸಿಗುವುದಿಲ್ಲ, ಸೇತುವೆಯ ಅಡಿಯಲ್ಲಿ ಉಪಗ್ರಹದ ಸಂಕೇತವೂ ತಪ್ಪುತ್ತದೆ. ಕೆಳಗೆ 40ರಲ್ಲಿ ಹೋಗುವವರಿಗೆ ಹೆದ್ದಾರಿಯ ಮಿತಿ ತೋರಿಸಬಹುದು, ಮೇಲೆ ಹೋಗುವವರಿಗೆ ಪೇಟೆಯ 50 ತೋರಿಸಬಹುದು. ಅಲ್ಲಿ ಮಾರ್ಗದ ಬದಿಯ ಫಲಕ ನೋಡಿಯೇ ಓಡಿಸಿ. ಕಾಮಗಾರಿ ನಡೆಯುವ ಜಾಗಗಳಲ್ಲೂ ಹಾಗೆಯೇ: ಫಲಕದಲ್ಲಿ 30 ಎಂದಿದ್ದರೆ ಡೇಟಾಬೇಸಿನ 110ಕ್ಕೆ ಬೆಲೆಯಿಲ್ಲ. ಕೇರಳದಲ್ಲಿ ಕಾರಿನ ಅತಿವೇಗಕ್ಕೆ ದಂಡ 1500 ರೂಪಾಯಿ. ಕರ್ನಾಟಕದಲ್ಲಿ 2024ರ ಆಗಸ್ಟ್ 1ರಿಂದ 130 ಮೀರಿದವರ ಮೇಲೆ ಎಫ್‌ಐಆರ್ ಹಾಕುತ್ತಾರೆ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಹೋಗುವವರು ಗಮನಿಸಬೇಕು.

ಸ್ಕೂಟರ್, ಬೈಕಿಗೆ ಇದೇ ಪಟ್ಟಿ ಬಳಸುವವರು ಇನ್ನೊಂದು ತಿಳಿದಿರಬೇಕು. ಕೇರಳದಲ್ಲಿ ದ್ವಿಚಕ್ರಗಳಿಗೆ ಗರಿಷ್ಠ ಮಿತಿ 60. ಪಟ್ಟಿಯಲ್ಲಿರುವ 80, 90 ಎಲ್ಲ ಕಾರಿನ ಮಿತಿ.

ಗಲ್ಫಿನಿಂದ ತಂದ ಸಾಧನ

ದುಬೈ, ಅಬುಧಾಬಿಯಿಂದ ತಂದ ಗಾರ್ಮಿನ್‌ಗಳು ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿವೆ. ಅವುಗಳಲ್ಲಿ ಮಧ್ಯಪ್ರಾಚ್ಯದ ನಕ್ಷೆ ಮಾತ್ರ ಇದ್ದರೆ ಮೊದಲು ಭಾರತದ ನಕ್ಷೆ ಹಾಕಿಸಿ. ನಕ್ಷೆಯೇ ಇಲ್ಲದಿದ್ದರೆ ‘ಹೋಗುತ್ತಿರುವ ಮಾರ್ಗದ ಮೇಲಿನ ಕ್ಯಾಮೆರಾ’ ಯಾವುದು ಎಂದು ಸಾಧನಕ್ಕೆ ತಿಳಿಯುವುದಿಲ್ಲ.

ಗಲ್ಫಿನಲ್ಲಿ ಓಡಿಸುವಾಗ ಬಳಸಲು ಪಟ್ಟಿ ಕೊಳ್ಳುವವರು ವೇಗದ ಕಾಲಂ ಬಗ್ಗೆ ಕೇಳಲೇಬೇಕು. ದುಬೈಯಲ್ಲಿ ಫಲಕದ ಮಿತಿಯ ಮೇಲೆ 20 ಕಿಲೋಮೀಟರ್ ಸಡಿಲಿಕೆ ಇದೆ. ಅಬುಧಾಬಿಯಲ್ಲಿ ಅದನ್ನು 2018ರ ಆಗಸ್ಟ್‌ನಲ್ಲೇ ತೆಗೆದಿದ್ದಾರೆ. ಪಟ್ಟಿಯ ಅಂಕಿ ಫಲಕದ ಮಿತಿಯೋ ಕ್ಯಾಮೆರಾ ಹೊಡೆಯುವ ವೇಗವೋ ಎಂಬುದು ಸ್ಪಷ್ಟವಿಲ್ಲದಿದ್ದರೆ ಎಮಿರೇಟಿನ ಗಡಿ ದಾಟಿದ ಕೂಡಲೇ ಲೆಕ್ಕ ತಪ್ಪುತ್ತದೆ. ರಾಡಾರ್ ಪತ್ತೆಹಚ್ಚುವ ಉಪಕರಣ ಬೇರೆ, ಡೇಟಾಬೇಸ್ ಬೇರೆ. ಮೊದಲನೆಯದು ಅಲ್ಲಿ ಕಾನೂನುಬಾಹಿರ. ಜರ್ಮನಿಯಲ್ಲಾದರೆ ಓಡಿಸುವವರು ಕ್ಯಾಮೆರಾ ಎಚ್ಚರಿಕೆಯ ಪಟ್ಟಿ ಬಳಸುವುದಕ್ಕೂ ನಿಷೇಧವಿದೆ.

ಚಂದಾ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ಒಂದು ಚಂದಾಕ್ಕೆ ಎಷ್ಟು ಸಾಧನ, ಅವಧಿ ಮುಗಿದ ಮೇಲೆ ಹಳೆಯ ಪಟ್ಟಿ ಉಳಿಯುತ್ತದೆಯೇ, ತಪ್ಪು ತಿಳಿಸಿದರೆ ಎಷ್ಟು ದಿನದಲ್ಲಿ ತಿದ್ದುತ್ತಾರೆ. ಮೂರನೆಯದನ್ನು ಪರೀಕ್ಷಿಸಲು ನಿಮ್ಮ ಹತ್ತರ ಪಟ್ಟಿಯಲ್ಲಿ ಸಿಕ್ಕಿದ ಒಂದು ತಪ್ಪನ್ನು ಜಾಗ, ದಿಕ್ಕು, ಬಗೆ ಸಮೇತ ಬರೆದು ಕಳುಹಿಸಿ. ಮುಂದಿನ ಫೈಲಿನಲ್ಲಿ ಆ ಸಾಲು ಬದಲಾಗಿ ಬಂದಿದ್ದರೆ ವರ್ಷದ ಚಂದಾ ಕಟ್ಟಬಹುದು.